ಸೋಮವಾರ ಹೂಡದ ಟ್ರ್ಯಾಕ್ಟರು

ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ವಾರವಿಡೀ ದುಡಿಯುವ ಬಸವಣ್ಣನಿಗೆ ಅದೊಂದು ದಿನ ಬಿಡುವು. ಅಕ್ಕೋಳ, ಬೋರಗಾಂವ ಕಡೆಯ ಕಬ್ಬಿನ ಹೊಲಗಳ ನಡುವೆ ಇರುವ ಊರು ನಮ್ಮದು. ಟ್ರ್ಯಾಕ್ಟರುಗಳು ಬಂದಾಗ ಈ ನೇಮ ಮುಗಿಯಿತು ಎಂದೇ ಬಹಳ ಮಂದಿ ತಿಳಿದರು. ಕಬ್ಬಿಣಕ್ಕೆಲ್ಲಿಯ ದಣಿವು? ಅಪ್ಪ ಮಾತ್ರ ಹಾಗೆ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರನ್ನು ತೊಳೆಸಿ, ಅದರ ಮೂತಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಚಾವಿಯನ್ನು ಜಗಲಿಯ ಗೂಡಿನಲ್ಲಿ ದೇವರ ಪಟದ ಹಿಂದೆ ಇಟ್ಟುಬಿಡುತ್ತಿದ್ದರು.

ಪಕ್ಕದ ಮನೆಯ ಕಾಕಾ ಅದನ್ನು ನೋಡಿದಾಗಲೆಲ್ಲ ಸುಮ್ಮನೆ ಹೋಗುತ್ತಿರಲಿಲ್ಲ. ಅವರು ನಮಗೆ ರಕ್ತಸಂಬಂಧಿಯಲ್ಲ, ಬಾಯಿಮಾತಿನ ಕಾಕಾ. ಅವರಿಗೂ ಒಂದು ಟ್ರ್ಯಾಕ್ಟರಿತ್ತು, ಅದಕ್ಕೆ ಏಳೂ ದಿನ ಕೆಲಸವಿತ್ತು.

"ಅಣ್ಣಾ, ಡೀಸೆಲ್ ಕುಡಿಯೂ ಬಸವಣ್ಣಗ ಇವತ್ತ ಹಿಂಡಿ ಹಾಕಿದ್ಯೋ ಇಲ್ಲೋ?"

"ನೀ ತಿಂದು ಉಳಿಸಿದ್ರ ಹಾಕ್ತೀನಿ, ಹೋಗಲೇ," ಅನ್ನುತ್ತಿದ್ದರು ಅಪ್ಪ.

ನನಗಾಗ ಇಪ್ಪತ್ತೆರಡು ವರ್ಷ. ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ ಮನೆಗೆ ಬಂದಿದ್ದೆ. ಟ್ರ್ಯಾಕ್ಟರು ಹೊಡೆಯುವ ಕೆಲಸವೂ ಲೆಕ್ಕ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದವು. ಎಂಜಿನು ಎಷ್ಟು ತಾಸು ನಡೆಯಿತು, ಯಾರ ಹೊಲದಲ್ಲಿ ನಡೆಯಿತು, ಎಷ್ಟು ಎಣ್ಣೆ ಕುಡಿಯಿತು ಎಂದು ದಿನಚರಿಯಲ್ಲಿ ಬರೆಯುವುದು ನನಗೊಂದು ಚಟವೇ ಆಗಿತ್ತು. ಸೋಮವಾರದ ಜಾಗದಲ್ಲಿ ಮಾತ್ರ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಆ ಅಡ್ಡಗೆರೆಗಳು ನಿಂತವು.

ಎಳ್ಳಮಾಸಿ ಹಬ್ಬ ಕಳೆದು ವಾರವಾಗಿತ್ತು. ಸೋಮವಾರವೇ. ಪಂಪಿನ ವಾಷರು ತರಲು ಸೈಕಲ್ಲಿನ ಮೇಲೆ ನಿಪ್ಪಾಣಿಗೆ ಹೋಗಿದ್ದೆ. ಮಧ್ಯಾಹ್ನ ಹೊರಳಿ ಬರುವಾಗ ರಸ್ತೆಯ ಅಂಚಿನಲ್ಲಿ ಒಬ್ಬ ಹೆಣ್ಣುಮಗಳು ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ನಡೆಯುತ್ತಿದ್ದಳು. ಹೆಗಲ ಮೇಲೆ ಕರಿ ಕಂಬಳಿ. ಅಥಣಿ ಕಡೆಯ ಒಣ ಮಾಳದಿಂದ ವರ್ಷಕ್ಕೊಮ್ಮೆ ದೀಪಾವಳಿಯ ಮೇಲೆ ನಮ್ಮ ಸೀಮೆಗೆ ಕುರಿ ಹೊಡೆದುಕೊಂಡು ಬರುವವರ ಪೈಕಿ ಆಕೆ ಎಂದು ನೋಡಿದೊಡನೆ ತಿಳಿಯಿತು. ಆ ವರ್ಷದ ಹಿಂಡು ನಮ್ಮೂರ ಹೊಲಗಳಲ್ಲೇ ಇತ್ತು.

"ಯಾಕ ಅಕ್ಕಾ, ಬಿಸಲಾಗ ನಡಕೋತ ಹೊಂಟಿ?"

"ಬಸ್ಸ ಸಂಜೀಕಂತ ಅಣ್ಣಾ. ಅಲ್ಲೀತನ ಕುಂತು ಏನ್ ಮಾಡ್ಲಿ?"

ಜೋಳಿಗೆಯನ್ನು ಸ್ವಲ್ಪ ಸರಿಸಿ ಕೂಸನ್ನು ತೋರಿಸಿದಳು. ಆರೇಳು ತಿಂಗಳ ಹೆಣ್ಣು ಕೂಸು. ಅದರ ಎರಡೂ ಅಂಗಾಲು ಒಂದನ್ನೊಂದು ನೋಡುತ್ತಿದ್ದವು, ಕೈ ಮುಗಿದ ಹಾಗೆ. ಹುಟ್ಟುತ್ತಲೇ ಹಾಗಿದ್ದವಂತೆ. ನಿಪ್ಪಾಣಿಯ ಒಂದು ದವಾಖಾನೆಗೆ ಸೋಮವಾರ ಮಾತ್ರ ಎಲುಬಿನ ಡಾಕ್ಟರು ಬರುತ್ತಿದ್ದರು. ಅವರು ಪಾದಗಳನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ತಿರುಗಿಸಿ ಪ್ಲಾಸ್ಟರು ಹಾಕುವರು. ವಾರಕ್ಕೊಮ್ಮೆ ಮುಂಜಾನೆ ಅದನ್ನು ನೀರಲ್ಲಿ ನೆನೆಸಿ ತೆಗೆದು ಕೂಸನ್ನು ಒಯ್ಯಬೇಕು. ಅವರು ಇನ್ನಷ್ಟು ತಿರುಗಿಸಿ ಹೊಸದು ಹಾಕುವರು.

"ಬೆಳಗಾ ಮುಂಜಾನೆ ತಗದ್ ಬಂದೆ. ನಾ ನಡದು ಮುಟ್ಟೂದ್ರಾಗ ಡಾಕ್ಟರ್ ಹೋಗಿದ್ರು. ಹಿಂದಕ ಒಮ್ಮೆನೂ ಹಿಂಗ ಆಗಿತ್ತು. ಕಟ್ಟು ಇಲ್ಲಂದ್ರ ಕಾಲು ಹೊಳ್ಳಿ ಹಿಂದಕ್ಕ ತಿರಗತಾವ ಅಣ್ಣಾ. ಇನ್ನ ಮೊದಲಿಂದ ಅಂತ. ಹತ್ತು ಸೋಮವಾರ. ಒಂದೂ ತಪ್ಪಬಾರದಂತ."

"ತಪ್ಪಿದ್ರ?"

"ಎಲುಬು ಬಲೀತಾವ. ಆಮ್ಯಾಲ ಕೊಯ್ಯಬೇಕಂತ. ಇಲ್ಲಂದ್ರ ಹಿಂಗ ನಡೀತೈತಂತ." ತನ್ನ ಪಾದವನ್ನು ಹೊರಳಿಸಿ ಅಂಚಿನ ಮೇಲೆ ನಿಂತು ತೋರಿಸಿದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದು ಆಗಲಿಲ್ಲ. "ಕುರಿ ಹಿಂದ ನಡಿಯೂ ಮಂದಿ ನಾವು. ಕಾಲಿಲ್ಲಂದ್ರ ನಮ್ಮಲ್ಲಿ ಏನ್ ಮಾಡೀತು ಹೇಳು?"

ನಾನು ಸೈಕಲ್ಲಿನಿಂದ ಇಳಿದು, ಆಕೆಯನ್ನು ಹಿಂದೆ ಕೂರಿಸಿ, ಬಿಡಾರದವರೆಗೆ ತಳ್ಳಿಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ. ಊರಲ್ಲಿ ಒಂದು ಟ್ರ್ಯಾಕ್ಟರು ಇಡೀ ಸೋಮವಾರ ವಿಭೂತಿ ಹಚ್ಚಿಕೊಂಡು ನಿಂತಿರುತ್ತದೆ.

ಸಂಜೆ ಕಟ್ಟೆಯ ಮೇಲೆ ಅಪ್ಪನ ಮುಂದೆ ಈ ಮಾತು ತೆಗೆದೆ. ಕಾಕಾ ಪಕ್ಕದಲ್ಲೇ ಕುಳಿತು ತಂಬಾಕು ತಿಕ್ಕುತ್ತಿದ್ದರು.

"ಸೋಮವಾರ ಹೂಡಬಾರದಂದ್ರ ಏನಪಾ?" ಎಂದು ಅಪ್ಪ ತಮ್ಮನ್ನೇ ಕೇಳಿಕೊಂಡವರಂತೆ ಅಂದರು. "ಆರು ದಿನ ಅದು ನಮ್ಮನ್ನ ಹೊರತೈತಿ. ಏಳನೇ ದಿನಾನೂ ಗಳಿಸಬ್ಯಾಡ್ರಿ ಅಂತ. ಗಳಿಸೂದು ಬ್ಯಾಡ. ಆದ್ರ ನಾವು ಯಾರನ್ನರೆ ಹೊರಬಾರದಂತ ಎಲ್ಲೈತಿ?"

"ಅಂದ್ರ ಎಣ್ಣಿ?" ಅಂದರು ಕಾಕಾ.

"ಎಣ್ಣಿ ನಂದು."

"ಹೋತು, ಅಣ್ಣಾ ಕೆಟ್ಟಾ," ಎಂದು ಕಾಕಾ ತಂಬಾಕು ಬಾಯಿಗೆ ಹಾಕಿಕೊಂಡರು.

ಮರು ಸೋಮವಾರ ಅಪ್ಪ ಎಂದಿನಂತೆ ವಿಭೂತಿ ಎಳೆದರು. ಆಮೇಲೆ ಗೂಡಿನಿಂದ ಚಾವಿ ತೆಗೆದು ನನ್ನ ಕೈಗೆ ಕೊಟ್ಟರು. ಎರಡು ಮಾತು ಹೇಳಿದರು: ಹೊರಳಿ ಬರುವಾಗ ಒಂದು ಚೀಲ ಗೊಬ್ಬರವನ್ನೂ ಹೇರಬಾರದು. ಯಾರದೇ ಚಹಾ ಕುಡಿಯಬಾರದು. ಟ್ರೈಲರಿನಲ್ಲಿ ಕಬ್ಬಿನ ಒಣ ಎಲೆಯ ರವದಿಯನ್ನು ಮೆತ್ತಗೆ ಹಾಸಿ ಮೇಲೆ ಜಮಖಾನೆ ಹಾಕಿದೆವು. ಸುದ್ದಿ ಹೇಗೋ ಹಬ್ಬಿತ್ತು. ಕೂಸಿನ ತಾಯಿಯ ಜೊತೆ, ಸೊಂಟ ಮುರಿದುಕೊಂಡಿದ್ದ ಒಬ್ಬ ಮುದುಕ, ಕೆಮ್ಮಿನ ಇಬ್ಬರು ಬೀಡಿ ಕಟ್ಟುವ ಹೆಣ್ಣುಮಕ್ಕಳು, ಕಣ್ಣಿಗೆ ಪರದೆ ಬಂದಿದ್ದ ಒಬ್ಬ ಅಜ್ಜಿ. ತಾಯಿಯನ್ನು ಬಿಟ್ಟು ಮಿಕ್ಕವರೆಲ್ಲ ನಮ್ಮೂರಿನವರೇ. ಅವರಿಗೆ ನಿಪ್ಪಾಣಿ ಅಷ್ಟು ದೂರವಿತ್ತು ಎಂದು ಎಂಜಿನಿನ ತಾಸು ಎಣಿಸುತ್ತ ಕುಳಿತ ನನಗೆ ಗೊತ್ತೇ ಇರಲಿಲ್ಲ. ಎರಡು ವಾರದಲ್ಲಿ ಇನ್ನಿಬ್ಬರು ಟ್ರ್ಯಾಕ್ಟರಿನವರು ಪಾಳಿ ಹಿಡಿಯಲು ಮುಂದೆ ಬಂದರು. ಕಾಕಾ ಬರಲಿಲ್ಲ.

ತೊಡಕು ಬೇರೆ ಕಡೆ ಇತ್ತು. ಮುದುಕನಿಗೂ ಅಜ್ಜಿಗೂ ಮನೆಯಿತ್ತು, ಬಾಗಿಲಿಗೆ ಹೋಗಿ ಹಾರ್ನ್ ಬಾರಿಸಿದರಾಯಿತು. ಕೂಸಿಗೆ ಮನೆಯಿರಲಿಲ್ಲ. ಹಿಂಡು ಇಂದು ಇಲ್ಲಿ, ನಾಳೆ ಅಲ್ಲಿ. ಎರಡನೆಯ ಸೋಮವಾರ ಅವರನ್ನು ಹುಡುಕಲು ಅರ್ಧ ತಾಸು ಹಿಡಿಯಿತು. ಮೂರನೆಯ ಸೋಮವಾರ ನಾನು ಮೂರು ಹೊಲ ಸುತ್ತಿದೆ. ಎಲ್ಲಿ ಹೋದರೂ ಹಿಕ್ಕಿ ಬಿದ್ದಿತ್ತು, ಕುರಿ ಇರಲಿಲ್ಲ. ಕೊನೆಗೆ ಹಳ್ಳದ ಆಚೆ ಸಿಕ್ಕರು. ದವಾಖಾನೆ ಮುಟ್ಟಿದಾಗ ಡಾಕ್ಟರು ಕೈ ಒರೆಸಿಕೊಂಡು ಚೀಲ ಎತ್ತುತ್ತಿದ್ದರು. ಚೀಲ ಕೆಳಗಿಟ್ಟು ಕೂಸಿನ ಪಾದಗಳನ್ನು ಹಿಡಿದು ನೋಡಿದರು.

"ಬಲಗಾಲು ಒಪ್ಪಿಕೊಂಡೈತಿ," ಅಂದರು. "ಎಡಗಾಲು ಇನ್ನೂ ಜಗಳಾ ಆಡಾಕತ್ತೈತಿ. ನೋಡವಾ, ಇದು ಭಾಳ ಹಟಮಾರಿ. ಒಂದ ವಾರ ಸಿಕ್ಕರ ಸಾಕು, ಗಳಿಸಿದ್ದೆಲ್ಲಾ ಹೊಳ್ಳಿ ಕಸಗೋತೈತಿ."

ಆ ಸಂಜೆ ಕಟ್ಟೆಯ ಮೇಲೆ ಹೊಲದವರೆಲ್ಲ ಸೇರಿದರು. ನಮ್ಮ ಕಡೆ ಕುರಿಯ ಹಿಂಡು ಹೊಲದಲ್ಲಿ ಒಂದು ರಾತ್ರಿ ನಿಂತರೆ ಅದು ಭಾಗ್ಯ. ಅದರ ಗೊಬ್ಬರಕ್ಕೆ ಸಾಟಿಯಿಲ್ಲ. ಕುರಿಯವರಿಗೆ ಜೋಳ ಅಳೆದು ಕೊಟ್ಟು, ನಾ ಮುಂದು ತಾ ಮುಂದು ಎಂದು ಪಾಳಿ ಹಿಡಿಯುತ್ತಾರೆ. ಆ ಪಾಳಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ. ಅಪ್ಪ ಅಂದರು: ಪಾಳಿಯನ್ನೇ ತಿರುಗಿಸೋಣ. ರವಿವಾರದ ರಾತ್ರಿ ಕುರಿ ಡಾಂಬರು ರಸ್ತೆಯ ಪಕ್ಕದ ಹೊಲದಲ್ಲೇ ನಿಲ್ಲಲಿ. ಸೋಮವಾರ ಬೆಳಿಗ್ಗೆ ಗಾಡಿ ಹುಡುಕುವುದೇ ಬೇಡ.

ಮುಂದಿನ ರವಿವಾರದ ಪಾಳಿ ಕಾಕಾರದಾಗಿತ್ತು. ಅವರ ಹೊಲ ಒಳಗಡೆ, ಹೊಳೆಯ ದಾರಿಯಲ್ಲಿ.

"ಭೇಷ್ ಆತು!" ಕಾಕಾ ಎದ್ದೇ ನಿಂತರು. "ನನ್ನ ಹೊಲಕ್ಕ ಬೀಳೂ ಹಿಕ್ಕಿ ರಸ್ತಾದವರ ಹೊಲಕ್ಕ? ಗಾಡಿ ನಿಮ್ಮದು, ಪುಣ್ಯಾ ನಿಮ್ಮದು, ಹೋಗೂ ಗೊಬ್ಬರಾ ಅಷ್ಟ ನಂದು?"

"ಕೂಸಿನ ಕಾಲಿನ ಮಾತಲೇ ಅದು," ಅಂದರು ಅಪ್ಪ.

"ಗೊತ್ತೈತಿ ಬಿಡು." ಒಂದು ಸುತ್ತು ತಿರುಗಿ ಬಂದು ಮತ್ತೆ ಕುಳಿತರು. "ಆತು, ಬಿಟ್ಟೆ. ಆದ್ರ ಅದು ನಡೀಲಿಲ್ಲಂದ್ರ ನೋಡ್ರಿ, ಅಷ್ಟೂ ಹಿಕ್ಕಿ ಉಡಿಗಿ ಬುಟ್ಟಿ ತುಂಬಿ ಹೊಳ್ಳಿ ತಗೊಂಡ್ ಬರ್ತೀನಿ."

ನಾಲ್ಕನೆಯ ಸೋಮವಾರ ನಾನು ಮುಂಜಾನೆಯೇ ಹೋದೆ. ಹಿಂದೆ ಟ್ರೈಲರಿನಲ್ಲಿ ಐದಾರು ಮಂದಿ. ದೂರದಿಂದಲೇ ಹಿಂಡು ಕಂಡಿತು, ರಸ್ತೆಗೆ ಹತ್ತಿಕೊಂಡೇ. ಇಬ್ಬನಿಯಲ್ಲಿ ಕುರಿಗಳ ಬೆನ್ನಿಂದ ಹಬೆ ಏಳುತ್ತಿತ್ತು. ನಾನು ಹಿಗ್ಗಿ ಹಾರ್ನ್ ಬಾರಿಸಿದೆ. ಕೂಸಿನ ಅಪ್ಪ ಕುರಿ ಕೂಡುವ ಬಲೆ ಸುತ್ತುತ್ತ ತಲೆಯೆತ್ತಿ ನೋಡಿದ. ಅವನ ಪಕ್ಕದಲ್ಲಿ ಅವನ ಅಣ್ಣ, ಎರಡು ನಾಯಿ. ಮತ್ತೆ ಯಾರೂ ಇರಲಿಲ್ಲ.

"ಕೂಸು ಎಲ್ಲೈತೋ?"

"ಅವ್ರು ಹ್ವಾದ್ರಲ್ರೀ."

"ಎಲ್ಲಿಗಿ?"

"ಮುಂದ. ಇಲ್ಲಿ ಒಂದ ರಾತ್ರಿ ಅಲ್ರೀ ಇದ್ದದ್ದು? ಕೋಳಿ ಕೂಗೂಮುಂದ ಕುದರಿ ಮ್ಯಾಲ ಬಿಡಾರ ಹೇರಿಕೊಂಡು ಹ್ವಾದ್ರು. ಹೆಣ್ಮಕ್ಕಳು ಮುಂದ ಹೋಗಿ ಒಲಿ ಹೂಡತಾರ. ನಾವು ಕುರಿ ಮೇಯಿಸಿಕೋತ ಸಂಜೀಕ ಮುಟ್ಟತೀವಿ. ಹಿಂಗ ಅಲ್ರೀ ಯಾವತ್ತೂ?"

ಕುರಿ ಎಲ್ಲಿ ನಿಲ್ಲಬೇಕು ಎಂದು ಒಂದು ಸಂಜೆಯಿಡೀ ಬಡಿದಾಡಿದ್ದೆವು. ಕುರಿ ಹೇಳಿದಲ್ಲೇ ನಿಂತಿದ್ದವು. ಹುಟ್ಟಿದಾಗಿನಿಂದ ಹಿಂಡುಗಳನ್ನು ನೋಡಿದ ನಾವು, ಕುರಿ ಇದ್ದಲ್ಲೇ ಮಂದಿಯೂ ಇರುತ್ತಾರೆ ಎಂದುಕೊಂಡಿದ್ದೆವು. ನಮ್ಮ ಕಣ್ಣಿಗೆ ಬಿದ್ದದ್ದು ಕುರಿ ಮಾತ್ರ. ಯಾಕೆಂದರೆ ನಮ್ಮ ಹೊಲಕ್ಕೆ ಬೇಕಾದದ್ದು ಅದೇ.

ಹೊಸ ಬಿಡಾರ ಹೊಳೆಯ ದಂಡೆಯ ಬೇವಿನ ಗಿಡದ ಹತ್ತಿರವಂತೆ. ಅಲ್ಲಿಗೆ ಗಾಡಿದಾರಿಯಿಲ್ಲ. ಸುತ್ತಿ ಹೋದರೆ ಡಾಕ್ಟರು ಸಿಗುವುದಿಲ್ಲ. ನೇರಕ್ಕೆ ಹೋಗಲು ನಡುವೆ ಒಂದು ಹೊಲವಿತ್ತು, ಕುರಿಯ ಪಾಳಿ ಹೋದ ಮೇಲೆ ಆ ವಾರವೇ ಕಬ್ಬು ನಾಟಿ ಮಾಡಿ ನೀರು ಹಾಯಿಸಿದ್ದು. ಕಾಕಾರದು.

ಅಷ್ಟರಲ್ಲಿ ಕಾಕಾ ತಮ್ಮ ಫಟಫಟಿಯ ಮೇಲೆ ಬಂದರು. ತಮಗೆ ತಪ್ಪಿದ ಹಿಕ್ಕಿ ಎಷ್ಟೆಂದು ನೋಡಲು ಬಂದಿದ್ದರೆಂದು ನನ್ನ ಅಂದಾಜು. ನಾನು ನಡೆದದ್ದನ್ನು ಹೇಳಿದೆ. ಅವರು ಹಿಂಡನ್ನು ನೋಡಿದರು, ಹೊಳೆಯ ಕಡೆ ನೋಡಿದರು, ನನ್ನನ್ನು ನೋಡಿದರು.

"ಕೂಸಿನ ಕಟ್ಟು ತಗದಿರ್ತಾರಾ?"

"ತಗದಿರ್ತಾರ ಕಾಕಾ. ಮುಂಜಾನೇನ ನೆನಿಸಿ ತಗೀತಾರ."

"ಟ್ರೈಲರ್ ಬಿಚ್ಚು."

"ಕಾಕಾ?"

"ಟ್ರೈಲರ್ ಬಿಚ್ಚಿ ಬರೇ ಮುಂಡಾ ತಗೊಂಡ್ ಹೋಗು. ನನ್ನ ಹೊಲದಾಗ ಹಾಯ್ದು ಹೋಗು. ಸಾಲು ಹಿಡದ್ ಹೋಗಲೇ, ಅಡ್ಡಾ ಹೊಡಿಬ್ಯಾಡ! ನಾ ಡಾಕ್ಟರ್ನ ಹಿಡದ್ ನಿಲ್ಲಸ್ತೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫಟಫಟಿ ನಿಪ್ಪಾಣಿಯ ದಾರಿ ಹಿಡಿದಿತ್ತು.

ಟ್ರೈಲರಿನಲ್ಲಿ ಕುಳಿತವರನ್ನು ರಸ್ತೆಯ ಪಕ್ಕ ಬಿಟ್ಟು ನಾನು ಹೊಲಕ್ಕೆ ಇಳಿದೆ. ಹಸಿ ಮಣ್ಣಿನಲ್ಲಿ ಗಾಲಿ ಹೂತವು, ತಿರುಗಿದವು, ಮತ್ತೆ ಹಿಡಿದವು. ಹಿಂದೆ ತಿರುಗಿ ನೋಡಿದಾಗ ನೆಟ್ಟ ಕಬ್ಬಿನ ತುಂಡುಗಳು ಮೇಲೆದ್ದು ಬಿದ್ದಿದ್ದವು. ಒಂದು ಬುಟ್ಟಿ ಹಿಕ್ಕಿಗಾಗಿ ಕಟ್ಟೆಯ ಮೇಲೆ ಎದ್ದು ನಿಂತಿದ್ದ ಮನುಷ್ಯನ ಹೊಲ ಅದು. ಮುಂದೆ ಯಾವತ್ತೂ ಅವರು ಆ ಸಾಲುಗಳ ಮಾತು ಎತ್ತಲಿಲ್ಲ.

ಬೇವಿನ ಗಿಡದ ಕೆಳಗೆ ಕುದುರೆಯ ಬೆನ್ನು ಖಾಲಿಯಾಗಿತ್ತು. ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿತ್ತು. ಬಿಡಾರದ ಹಿರಿಯಳು, ಕೂಸಿನ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವಾಕೆ, ಹಿಟ್ಟು ನಾದುತ್ತಿದ್ದಳು. ಕೂಸಿನ ತಾಯಿ ಸ್ನಾನ ಮಾಡಿಸಿದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೊಲದ ಒಡ್ಡಿನ ಮೇಲೆ ಕುಳಿತಿದ್ದಳು. ಕಂಬಳಿ ಮಡಿಚಿ ಪಕ್ಕದಲ್ಲಿಟ್ಟುಕೊಂಡು, ಹೊರಡಲು ತಯಾರಾಗಿ. ದಾರಿಯೇ ಇಲ್ಲದ ಕಡೆ ಮುಖಮಾಡಿ.

"ಅಲ್ಲಬೇ ಅಕ್ಕಾ," ಎಂದೆ ಏದುಸಿರಿನಲ್ಲಿ, "ನಾವು ಅಲ್ಲಿ ಕುರೀ ಹತ್ತರ ಹುಡಕಾಕತ್ತೀವಿ, ನೀ ಇಲ್ಲಿ ಬಂದ ಕುಂತೀ?"

ಆಕೆ ಆಶ್ಚರ್ಯಪಟ್ಟಳು. "ಕೂಸಿನ ಸಲುವಾಗಿ ಬರೂ ಗಾಡಿ, ಕೂಸು ಇದ್ದಲ್ಲೇ ಬರತೈತಂತ ನಾ ತಿಳಕೊಂಡಿದ್ದೆ ಅಣ್ಣಾ."

ಅಷ್ಟೇ ಮಾತು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ನಾಲ್ಕು ವಾರದ ಹಿಂದೆ ಈಕೆ ಈ ರಸ್ತೆಯಲ್ಲಿ ಯಾರ ಗಾಡಿಗೂ ಕೈಯೊಡ್ಡದೆ ನಡೆದಿದ್ದಳು. ಮೂರು ಸಲ ಗಾಡಿ ಬಂತು. ನಾಲ್ಕನೆಯ ಸಲಕ್ಕೆ ದಾರಿಯಿಲ್ಲದ ಹೊಳೆದಂಡೆಯಲ್ಲಿ ಕೂಸಿನ ಕಟ್ಟು ಬಿಚ್ಚಿ ಕುಳಿತಿದ್ದಳು, ಬಂದೇ ಬರುತ್ತದೆಂದು. ನಮ್ಮ ಮೇಲೆ ನಾವೇ ಇಡದಷ್ಟು ನಂಬಿಕೆ. ಅದನ್ನು ನೋಡಿ ನನಗೆ ಒಂದು ಬಗೆಯ ಭಯವೇ ಆಯಿತು, ದೊಡ್ಡ ದೇವರ ಮುಂದೆ ಆಗುವಂಥದ್ದು.

ಆಯಿ ಹಿಟ್ಟಿನ ಕೈ ಝಾಡಿಸುತ್ತ ನಕ್ಕಳು. "ಕುರಿ ಹಾಲು ಕುಡೀತೈತಿ ಅಂತ ಕೂಸೂ ಕುರೀ ಹಟ್ಟ್ಯಾಗ ಮಲಗತೈತಿ ಅಂತ ತಿಳದ್ಯೋ ಶ್ಯಾಣ್ಯಾ? ಹೋಗ, ಹೋಗ, ಮಾತ ಆಮ್ಯಾಲ."

ತಾಯಿ ಮಡ್‌ಗಾರ್ಡಿನ ಮೇಲೆ ಕುಳಿತು ಒಂದು ಕೈಯಲ್ಲಿ ಕಬ್ಬಿಣ, ಒಂದು ಕೈಯಲ್ಲಿ ಕೂಸನ್ನು ಹಿಡಿದಳು. ಬಂದ ಗಾಲಿಯ ಗುರುತಿನ ಮೇಲೆಯೇ ಹೊರಳಿದೆ. ಟ್ರೈಲರಿನವರು ಯಾರೂ ಗೊಣಗಲಿಲ್ಲ. ಸೊಂಟದ ಮುದುಕನೇ ಕೋಲೂರಿ ನಿಂತು ಕೊಂಡಿ ಸಿಕ್ಕಿಸಲು ದಾರಿ ತೋರಿಸಿದ.

ದವಾಖಾನೆಯಲ್ಲಿ ಡಾಕ್ಟರು ಇದ್ದರು. ಅವರ ಮುಂದಿನ ಸ್ಟೂಲಿನ ಮೇಲೆ ಕಾಕಾ ಅಂಗಿ ಕಳಚಿ ಕುಳಿತಿದ್ದರು. ಒಂದು ದಿನವೂ ತಲೆನೋವು ಎಂದವರಲ್ಲ ನಮ್ಮ ಕಾಕಾ.

"ಮೊಣಕಾಲು ಆತ್ರೀ ಸಾಹೇಬ್ರ, ಇನ್ನ ಇದೊಂದು ಮೊಣಕೈ ನೋಡ್ರಿ. ಮಡಚಿದ್ರ ನೋಯಿಸತೈತಿ."

"ಮಡಚ್ರಿ ನೋಡೂಣು. ನೋಯಿಸತೈತಿ?"

"ಈಗ ನೋಯಿಸವಲ್ದು. ಸ್ವಲ್ಪ ತಡೀರಿ, ನೋಯಿಸತೈತಿ."

ಬಾಗಿಲಲ್ಲಿ ನಮ್ಮನ್ನು ಕಂಡೊಡನೆ ಕಾಕಾ ಅಂಗಿ ಎತ್ತಿಕೊಂಡು ಎದ್ದರು. "ಆತ್ರೀ, ಎಲ್ಲಾ ಕಡಿಮಿ ಆತು." ಡಾಕ್ಟರು ಅವರನ್ನೂ ಕೂಸನ್ನೂ ಒಮ್ಮೆ ನೋಡಿದರು. ಪ್ಲಾಸ್ಟರಿನ ಪಟ್ಟಿ ನೀರಿಗೆ ಹಾಕಿ, ಹಟಮಾರಿ ಎಡಪಾದವನ್ನು ಅಂಗೈಯಲ್ಲಿ ಹಿಡಿದರು. ಕಿಟಕಿಯ ಬೆಳಕಿನಲ್ಲಿ ಆ ಪಾದ ಕೂದಲೆಳೆಯಷ್ಟು, ಇನ್ನಷ್ಟು, ಹೊರಗಡೆಗೆ ತಿರುಗುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಗಾಯವಿಲ್ಲ, ರಕ್ತವಿಲ್ಲ. ಬೆರಳಿನ ಒತ್ತು, ಮತ್ತೆ ಒಂದು ವಾರದ ಕಾಯುವಿಕೆ. ಎಲುಬು ಇಷ್ಟು ಮೆತ್ತಗೆ ಮಾತು ಕೇಳುತ್ತದೆಂದು ನಾನು ಎಣಿಸಿರಲಿಲ್ಲ.

ಮುಂದಿನ ಸಲದ ಪಾಳಿ ಹಚ್ಚುವಾಗ ಆಯಿಯನ್ನು ಕಟ್ಟೆಗೆ ಕರೆದೆವು. ಆಕೆ ಕಟ್ಟೆ ಹತ್ತಲಿಲ್ಲ, ಕೆಳಗೇ ಕುಳಿತಳು. ಅದಕ್ಕೆ ಅಪ್ಪನೂ ಇಳಿದು ಕೆಳಗೆ ಕುಳಿತರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

"ಕುರೀಗಿ ಜಾಗಾ ನೋಡಬ್ಯಾಡ್ರಿ," ಅಂದಳು. "ನನ್ನ ಒಲಿಗಿ ಜಾಗಾ ನೋಡ್ರಿ. ನೀರಿರಬೇಕು, ನೆರಳಿರಬೇಕು. ರವಿವಾರ ಹೂಡಿದ ಒಲಿ ಸೋಮವಾರ ಕೀಳಬಾರದು, ಅಷ್ಟ."

"ಅಂದ್ರ ಕುರಿ ಎರಡ ರಾತ್ರಿ ಒಂದ ಹೊಲದಾಗ? ಒಬ್ಬಗ ಎರಡ ಪಾಳಿ ಹೋಗತಾವ, ಬಡದಾಡತಾರ," ಅಂದರು ಅಪ್ಪ.

ಆಗ ಕಾಕಾ ನೆಲದ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದರು. "ಯಾಕ ಒಂದ ಹೊಲ? ಒಡ್ಡಿಗೆ ಒಡ್ಡು ಹತ್ತಿದ್ದ ಎರಡ ಹೊಲಾ ಹಿಡೀರಿ. ರವಿವಾರ ರಾತ್ರಿ ಈ ಕಡೆ, ಸೋಮವಾರ ರಾತ್ರಿ ಆ ಕಡೆ. ಕುರಿ ಒಡ್ಡು ಜಿಗೀತಾವ, ಒಲಿ ಇದ್ದಲ್ಲೇ ಇರತೈತಿ."

"ಹಿಕ್ಕಿ ಲೆಕ್ಕ ನಿನಗ ಬರೋಬ್ಬರಿ ಬರತೈತಿ ಬಿಡು," ಎಂದು ಅಪ್ಪ ನಕ್ಕರು.

ಹಾಗೇ ಆಯಿತು. ಐದು, ಆರು, ಏಳನೆಯ ಸೋಮವಾರ ರಸ್ತೆಯ ಪಕ್ಕದ ನೆರಳಿನಲ್ಲಿ ಒಲೆ ಹೊಗೆಯಾಡುತ್ತಿತ್ತು, ತಾಯಿ ಕಂಬಳಿ ಮಡಿಚಿ ಕುಳಿತಿರುತ್ತಿದ್ದಳು. ಒಂದು ಕೂಸನ್ನು ಗಾಡಿಗೆ ಮುಟ್ಟಿಸಲು ಹತ್ತಾರು ಹೊಲಗಳ ಪಾಳಿ ಬದಲಾಯಿತು. ಪಾಳಿಗಾಗಿ ಮಾತು ಬಿಟ್ಟವರು ಒಡ್ಡಿನ ಎರಡು ಕಡೆ ನಿಂತು ಮಾತಾಡಿದರು. ಆರನೆಯ ಸೋಮವಾರ ಕಾಕಾರ ಟ್ರ್ಯಾಕ್ಟರು ಹೋಯಿತು. ಅದರ ಮೂತಿಯ ಮೇಲೂ ಅಡ್ಡಾದಿಡ್ಡಿ ಮೂರು ಗೆರೆ ವಿಭೂತಿಯಿತ್ತು.

ಎಂಟನೆಯ ವಾರಕ್ಕೆ ಹಿಂಡು ಹೊರಟಿತು. ಮೇವು ತೀರಿತ್ತು, ಅವರ ಊರಲ್ಲಿ ಮನೆದೇವರ ಕಾರ್ಯವಿತ್ತು. ಚಿಕ್ಕೋಡಿ, ರಾಯಬಾಗ ದಾಟಿ ಅಥಣಿಯ ಕಡೆಗೆ, ಮೇಯಿಸುತ್ತ ಮೇಯಿಸುತ್ತ. ಇನ್ನೂ ಮೂರು ಸೋಮವಾರ ಉಳಿದಿದ್ದವು. ನಿಲ್ಲಿರಿ ಎನ್ನಲು ನಮ್ಮಿಂದಾಗಲಿಲ್ಲ. ಇನ್ನೂರು ಮುನ್ನೂರು ಕುರಿಗಳ ಹೊಟ್ಟೆ ಒಂದು ಕಡೆ, ಒಂದು ಎಡಗಾಲು ಒಂದು ಕಡೆ.

"ಬೀಗರಿಗಿ ಹೇಳಿ ಕಳಸೂಣು," ಅಂದರು ಅಪ್ಪ. ನಮ್ಮ ಕಡೆ ಯಾವ ಊರಲ್ಲೂ ಯಾರಿಗಾದರೂ ಒಬ್ಬ ಬೀಗ ಇದ್ದೇ ಇರುತ್ತಾನೆ. ಹೇಳಿ ಕಳಿಸಿದರು. ಅವರು ತಮ್ಮ ಬೀಗರಿಗೆ ಹೇಳಿದರು. ಆಮೇಲೆ ಸುದ್ದಿ ನಮ್ಮ ಕೈಬಿಟ್ಟಿತು. ರವಿವಾರ ಎಲ್ಲಿ ಒಲೆ ಹೂಡುತ್ತಾರೆ, ಯಾರು ಒಯ್ಯುತ್ತಾರೆ, ನನಗೆ ಏನೂ ಗೊತ್ತಾಗಲಿಲ್ಲ. ಎಂಟನೆಯ ಸೋಮವಾರ ತಡೆಯಲಾರದೆ ನಾನೇ ದವಾಖಾನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಹತ್ತು ಗಂಟೆಗೆ ಒಂದು ಅಪರಿಚಿತ ಟ್ರ್ಯಾಕ್ಟರು ಬಂತು. ರವದಿ ಹಾಸಿದ್ದರು, ನಮ್ಮ ಹಾಗೆಯೇ. ಹೊಡೆಯುವವನಿಗೆ ನನ್ನ ಗುರುತಿಲ್ಲ. ಕೂಸನ್ನು ಇಳಿಸಿ, "ಲಗೂ ಬಾ ಯವ್ವಾ," ಎಂದು ಬೀಡಿ ಹಚ್ಚಿದ. ಒಂಬತ್ತನೆಯ ಸೋಮವಾರ ಹಾಲಿನ ಗಾಡಿ ಬಂತು.

ಹತ್ತನೆಯ ಸೋಮವಾರ ಹತ್ತು ದಾಟಿತು, ಹನ್ನೊಂದಾಯಿತು. ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಹಿಂಡು ರಾಯಬಾಗ ದಾಟಿರಬೇಕು. ಅಲ್ಲಿಂದ ಟ್ರ್ಯಾಕ್ಟರು ಬರಲು ನಸುಕಿನಲ್ಲೇ ಹೊರಡಬೇಕು. ಡಾಕ್ಟರು ಎರಡು ಸಲ ಹೊರಗೆ ಬಂದು ರಸ್ತೆ ನೋಡಿದರು. "ನಿಮ್ಮ ಕಾಕಾಗ ಇವತ್ತ ಎಲ್ಲೂ ನೋವಿಲ್ಲೇನು?" ಎಂದು ಕೇಳಿದರು. ನಗಲು ನನಗಾಗಲಿಲ್ಲ.

ಹನ್ನೊಂದೂವರೆಗೆ ದ್ರಾಕ್ಷಿ ಪೆಟ್ಟಿಗೆ ಹೇರಿದ ಒಂದು ಟೆಂಪೊ ಬಂದು ನಿಂತಿತು. ಅಥಣಿ ಕಡೆಯ ಮಾಲು, ಕೊಲ್ಲಾಪುರದ ಪೇಟೆಗೆ ಹೊರಟದ್ದು. ಮುಂದಿನ ಸೀಟಿನಿಂದ ತಾಯಿ ಇಳಿದಳು. ಕೂಸಿನ ಮುಷ್ಟಿಯಲ್ಲಿ ಜಜ್ಜಿದ ದ್ರಾಕ್ಷಿ.

"ಯಾರಿಗಿ ಹೇಳಲಿ ಇದನ್ನ!" ಎಂದು ಟೆಂಪೊದವನು ಎಲ್ಲರಿಗೂ ಕೇಳುವಂತೆ ಅಂದ. "ದಾರ್ಯಾಗ ಕೈ ಮಾಡಿ ನಿಲ್ಲಿಸಿದ್ರು, ಟ್ರ್ಯಾಕ್ಟರ್ ಕೆಟ್ಟೈತಿ ಅಂದ್ರು, ಸೋಮವಾರದ ಕೂಸು ಅಂದ್ರು. ಏನ್ ಸೋಮವಾರದ ಕೂಸೋ! ದಾರೀ ಉದ್ದಕ್ಕ ಒದರೇತಿ. ಹಾರ್ನ್ ಹೊಡದು ಹೊಡದು ಆಡಿಸಿದೆ, ಮಂದಿ ಎಲ್ಲಾ ನನಗ ಬಯ್ದ್ರು."

ಬೈಯುತ್ತಲೇ ಅವನು ಪ್ಲಾಸ್ಟರು ಮುಗಿಯುವವರೆಗೆ ನಿಂತ. ಆಮೇಲೆ ಹೊರಳಿ ಹೋಗಲು ಅವಳಿಗೆ ಗಾಡಿ ಯಾವುದೆಂದು ಕೇಳಿ, ನಾನಿದ್ದೇನೆ ಎಂದ ಮೇಲೆಯೇ ಹೋದ. ಮಿಕ್ಕ ಲೆಕ್ಕವೆಲ್ಲ ನನ್ನ ದಿನಚರಿಯಲ್ಲಿದೆ. ಹತ್ತು ಸೋಮವಾರ, ಒಂದೂ ತಪ್ಪಿಲ್ಲ. ಆದರೆ ಕೊನೆಯ ಮೂರರ ಮುಂದೆ ಬರೆಯಲು ನನ್ನ ಬಳಿ ಏನೂ ಇಲ್ಲ. ಆ ಟ್ರ್ಯಾಕ್ಟರು ಯಾರದು, ಹಾಲಿನ ಗಾಡಿ ಯಾವ ಊರಿನದು, ರಾಯಬಾಗದ ರಸ್ತೆಯಲ್ಲಿ ಕೆಟ್ಟ ಟ್ರ್ಯಾಕ್ಟರಿನ ಪಕ್ಕ ನಿಂತು ಹೋಗಿಬರುವ ಗಾಡಿಗಳಿಗೆ ಕೈ ಮಾಡಿದವರು ಯಾರು, ನನಗೆ ಇವತ್ತಿಗೂ ತಿಳಿಯದು.

ಡಾಕ್ಟರು ಮುಂದೆ ರಾತ್ರಿ ಹಾಕಲು ಒಂದು ಜೋಡು ಬೂಟು ಕೊಟ್ಟರು, ನಡುವೆ ಒಂದು ಪಟ್ಟಿಯಿದ್ದದ್ದು. ನಡೆದ ಮೇಲೆಯೇ ಗೊತ್ತಾಗುವುದು ಎಂದರು. ನಡೆಯುವ ಹೊತ್ತಿಗೆ ಹಿಂಡು ಅಥಣಿಯ ಮಾಳದಲ್ಲಿತ್ತು.

ಸೋಮವಾರದ ಗಾಡಿ ನಿಲ್ಲಲಿಲ್ಲ. ಮುದುಕ, ಅಜ್ಜಿ, ಬಸುರಿಯರು, ಯಾರಾದರೂ ಇದ್ದೇ ಇರುತ್ತಿದ್ದರು. ಮಳೆಗಾಲ ಕಳೆಯಿತು, ದೀಪಾವಳಿ ಮುಗಿಯಿತು. ಒಂದು ರವಿವಾರ ಸಂಜೆ ಕಾಕಾ ಬಂದು ಬಾಗಿಲಲ್ಲಿ ನಿಂತರು. "ಕುರಿ ಬಂದಾವ," ಅಂದರು. ಪಾಳಿಯ ಮಾತು ಎತ್ತಲಿಲ್ಲ.

ಮರುದಿನ ಟ್ರೈಲರಿನ ಮಂದಿಯನ್ನು ಕೂರಿಸಿಕೊಂಡು ಹೋಗುವಾಗ ಅಪ್ಪ, ಕಾಕಾ ಇಬ್ಬರೂ ಮಡ್‌ಗಾರ್ಡಿನ ಮೇಲೆ ಏರಿದರು. ಆಯಿಯ ಒಲೆ ಯಾರೂ ಹೇಳದೆಯೇ ರಸ್ತೆಯ ಪಕ್ಕದ ಅದೇ ನೆರಳಿನಲ್ಲಿತ್ತು. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಬೆನ್ನಿಗೆ ಕೈಯೂರಿ ಒಂದು ಪುಟ್ಟ ಹುಡುಗಿ ನಿಂತಿತ್ತು.

ನಾನು ಹಾರ್ನ್ ಬಾರಿಸಿದೆ.

ಹುಡುಗಿ ತಿರುಗಿ ಟ್ರ್ಯಾಕ್ಟರನ್ನು ನೋಡಿತು. ಬಾಯಿ ತೆರೆದು ಒಮ್ಮೆ ಚೀರಿ, ಓಡಿತು. ನಮ್ಮ ಕಡೆಗಲ್ಲ, ನಮ್ಮಿಂದ ದೂರ, ಉತ್ತ ಹೊಲದ ಹೆಂಟೆಗಳ ಮೇಲೆ, ಬಿದ್ದು ಎದ್ದು ಮತ್ತೆ ಓಡಿ, ಕುರಿಗಳ ನಡುವೆ ನುಗ್ಗಿ ಮರೆಯಾಯಿತು.

"ಅಂಜತೈತಿ ಅಣ್ಣಾ," ತಾಯಿ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಗಾಡಿ ಸಪ್ಪಳಾ ಕೇಳಿದ್ರ ಸಾಕು, ಮತ್ತ ಕಾಲು ಕಟ್ಟಾಕ ಬಂದ್ರು ಅಂತ ತಿಳೀತೈತಿ."

ನಾನು ಎಂಜಿನು ಬಂದ್ ಮಾಡಿದೆ. ಟ್ರೈಲರಿನಲ್ಲಿದ್ದವರೂ ಎದ್ದು ನಿಂತು ನೋಡುತ್ತಿದ್ದರು. ಕಾಕಾ ಕೆಳಗಿಳಿದು ಹೊಲದೊಳಗೆ ನಾಲ್ಕು ಹೆಜ್ಜೆ ನಡೆದು ಬಗ್ಗಿದರು. ಮೆತ್ತನೆಯ ಮಣ್ಣಿನಲ್ಲಿ ಪುಟ್ಟ ಪಾದಗಳ ಗುರುತುಗಳು ಒಂದರ ಮುಂದೊಂದು ಬಿದ್ದಿದ್ದವು. ಹಿಮ್ಮಡ, ಅಂಗಾಲು, ಐದು ಬೆರಳು, ಪೂರ್ತಿ.

"ಅಣ್ಣಾ, ಬಾ ಇಲ್ಲಿ," ಎಂದು ಅಪ್ಪನನ್ನು ಕರೆದರು. ಅವರ ದನಿ ನಾನು ಹಿಂದೆಂದೂ ಕೇಳಿದಂಥದ್ದಲ್ಲ. "ಎಡಗಾಲ ನೋಡು."

ಇಬ್ಬರೂ ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಅಪ್ಪ ಕಾಲಿನ ಜೋಡು ಕಳಚಿಟ್ಟಿದ್ದರು, ಗುಡಿಯ ಹೊರಗೆ ಕಳಚುವ ಹಾಗೆ.